ಟಗರು ಗುದ್ದಿದ ದಿಬ್ಬ

ನಮ್ಮ ಹಟ್ಟಿ ಹಿರೇಗುಂಟನೂರಿನಿಂದ ಬಹಳ ದೂರವೇನಿಲ್ಲ. ಆದರೂ ಹೊಸಬರು ಮೊದಲ ಸಲಕ್ಕೇ ದಾರಿ ತಪ್ಪದೆ ಬಂದದ್ದನ್ನು ನಾನು ಕಂಡಿಲ್ಲ. ಬಯಲು, ಕುರುಚಲು, ಮತ್ತೆ ಬಯಲು; ಗುರುತು ಹೇಳಲು ಒಂದು ಗೋಪುರವೂ ಇಲ್ಲ. ಹಾಗಾಗಿ ಎಲ್ಲಿ ಯಾರಿಗೆ ಏನಾಯಿತೋ ಅದನ್ನೇ ನಮ್ಮವರು ಆ ಜಾಗದ ಹೆಸರಾಗಿ ಇಟ್ಟುಬಿಟ್ಟಿದ್ದಾರೆ. ಬುತ್ತಿ ಮರೆತ ಹಳ್ಳ, ಗಾಡಿ ಮಗುಚಿದ ತಿರುವು, ಬೀಗರು ಮುನಿದ ಬೇವಿನಮರ. ನಮ್ಮ ಚರಿತ್ರೆ ಇಷ್ಟೇ. ಯಾವ ಪಾಳೇಗಾರನೂ ಇತ್ತ ತಲೆ ಹಾಕಿದ ಸುದ್ದಿಯಿಲ್ಲ.

ಇವುಗಳಲ್ಲೆಲ್ಲ ಹೆಸರುವಾಸಿಯಾದದ್ದು ಟಗರು ಗುದ್ದಿದ ದಿಬ್ಬ. ಗುದ್ದಿಸಿಕೊಂಡವರು ನಮ್ಮ ದೊಡ್ಡಪ್ಪ.

ಬಸ್ ನಿಲ್ಲುವಲ್ಲಿ ಊರಿನ ನಕ್ಷೆಯ ಬೋರ್ಡು ಹಾಕಬೇಕೆಂದು ಹಿರಿಯರು ತೀರ್ಮಾನಿಸಿದಾಗ, ಮೇಷ್ಟ್ರಾಗಿದ್ದವನೆಂದು ಆ ಕೆಲಸ ನನ್ನ ತಲೆಗೆ ಬಿತ್ತು. ಅವತ್ತೇ ದೊಡ್ಡಪ್ಪ ಒಂದು ಡಬ್ಬಿ ತುಪ್ಪ ಹಿಡಿದು ಬಂದರು. ಜನ್ಮದಲ್ಲಿ ಯಾರಿಗೂ ಒಂದು ಮಿಳ್ಳೆ ತುಪ್ಪ ಕೊಟ್ಟವರಲ್ಲ.

“ಲೇ, ಆ ದಿಬ್ಬದ ಹೆಸರು ಬರೀಬ್ಯಾಡ. ಮೊಮ್ಮಗಳನ್ನ ನೋಡಾಕೆ ಗಂಡಿನ ಕಡೇರು ಬರ್ತಾರೆ. ಬಸ್ ಇಳೀತಿದ್ದಂಗೆ ನನ್ನ ಮಾನ ಓದ್ಕೊಂಡು ಬರಬೇಕೇನು?”

ನಾನು ಕರಗಿದೆ. ತುಪ್ಪಕ್ಕೋ ಅವರ ಮುಖಕ್ಕೋ ಈಗ ನೆನಪಿಲ್ಲ. ದಿಬ್ಬ ಇದ್ದಲ್ಲಿ ಬರೀ ಸರ್ವೆ ನಂಬರ್ ಬರೆಸಿದೆ.

ಬೋರ್ಡು ನಿಂತ ಮರುವಾರವೇ, ಆ ದಿಬ್ಬದ ಪಕ್ಕ ಕುರಿ ಕೂಡುವ ರೊಪ್ಪದಲ್ಲಿ ದೊಡ್ಡಪ್ಪನ ಅಚ್ಚುಮೆಚ್ಚಿನ ಕುರಿ ಈಯಲಾರದೆ ಒದ್ದಾಡತೊಡಗಿತು. ಮರಿ ಹೊಟ್ಟೆಯಲ್ಲೇ ಅಡ್ಡ ತಿರುಗಿತ್ತು. ನಾನು ಪಶುವೈದ್ಯರಿಗೆ ಫೋನ್ ಮಾಡಿ ಸರ್ವೆ ನಂಬರ್ ಹೇಳಿದೆ. ಅವರು ಈ ಕಡೆಗೆ ಹೊಸಬರು. ಬೋರ್ಡಿನ ನಕ್ಷೆ ನೋಡಿಕೊಂಡು ಹೊರಟವರು ಯಾವುದೋ ಈರುಳ್ಳಿ ಹೊಲದ ಬದುವಿನಲ್ಲಿ ಬೈಕ್ ನಿಲ್ಲಿಸಿ ಫೋನ್ ಮಾಡಿದರು. ದೊಡ್ಡಪ್ಪ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

“ಅಜ್ಜಾ, ಈ ನಂಬರ್ ಯಾವ ಕಡೆ? ಇಲ್ಲಿ ಕಳೆ ಕೀಳೋ ಹೆಂಗಸರಿಗೆ ಗೊತ್ತಿಲ್ಲವಂತೆ,” ಎಂಬ ಡಾಕ್ಟರ ದನಿ ನನಗೂ ಕೇಳಿಸಿತು.

“ದಿಬ್ಬ ಎಲ್ಲೈತೆ ಅಂತ ಕೇಳ್ರಿ.”

“ಯಾವ ದಿಬ್ಬ ಅಂತಾರೆ.”

ದೊಡ್ಡಪ್ಪ ನನ್ನ ಮುಖ ನೋಡಿದರು. ಕುರಿ ಮೇಲುಗಣ್ಣು ಬಿಡುತ್ತಿತ್ತು. ನಾನು ಕಣ್ಣು ತಪ್ಪಿಸಿದೆ. ತುಪ್ಪ ತಿಂದವನು ನಾನೇ ತಾನೆ.

“ನಂಗೆ ಟಗರು ಗುದ್ದಿದ ದಿಬ್ಬ ಸಾರ್!” ದೊಡ್ಡಪ್ಪ ಅರಚಿದರು. “ಹಿಂದ್ಲಿಂದ ಗುದ್ದಿದ್ದು! ಬೇಗ ಬರ್ರಿ!”

ಆಚೆ ಕಡೆಯಿಂದ ಹೆಂಗಸರ ನಗು ಫೋನಿನಲ್ಲಿ ಉಕ್ಕಿಬಂತು. “ಅಯ್ಯ, ಅದಾ! ಹಿಂಗೇ ನೆಟ್ಟಗೆ ಹೋಗ್ರಿ ಸಾರ್,” ಎಂದಳು ಒಬ್ಬಳು. ಡಾಕ್ಟರು ಐದೇ ನಿಮಿಷದಲ್ಲಿ ಬಂದರು. ಕುರಿ ಉಳಿಯಿತು, ಮರಿಯೂ ಉಳಿಯಿತು.

ಒದ್ದೆ ಮರಿಯನ್ನು ಕಂಬಳಿಯಲ್ಲಿ ಒರೆಸುತ್ತ ದೊಡ್ಡಪ್ಪ, “ಹೆಸರು ಬರೆಸಪ್ಪ,” ಎಂದರು. “ಆದ್ರೆ ಅದರ ಕೆಳಗೆ, ಟಗರು ಭಾಳ ದೊಡ್ಡದಿತ್ತು ಅಂತಾನೂ ಬರೆಸು.”

ಬರೆಸಿದೆ. ಆ ಟಗರಿಗೆ ಆಗಿನ್ನೂ ಕೊಂಬೇ ಮೂಡಿರಲಿಲ್ಲ ಎಂಬುದು ಹಟ್ಟಿಗೆಲ್ಲ ಗೊತ್ತು. ಇವತ್ತಿನವರೆಗೂ ಬೋರ್ಡನ್ನು ಯಾರೂ ತಿದ್ದಿಲ್ಲ.