ಮಡಿಲು ತುಂಬಿದ ಮನೆ

ನಾನು ಬಿ.ಎ. ಮುಗಿಸಿ ಭದ್ರಾವತಿಯ ಹುಡುಗಿಯರ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ವಿಧಾನಸಭೆಯ ಚುನಾವಣೆ ಬಂತು. ಬೆಳಿಗ್ಗೆ ಶಿವಮೊಗ್ಗದಿಂದ ರೈಲಿನಲ್ಲಿ ಹೋಗಿ ಸಂಜೆ ಕೋಟೆ ಬೀದಿಯ ನಮ್ಮ ಬಾಡಿಗೆ ಮನೆಗೆ ಮರಳುತ್ತಿದ್ದೆ. ಅಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು. ಅವರಿಗೆ ವರ್ಗವಾದರೆ ಸಂಸಾರವೆಲ್ಲ ಹೊರಡಬೇಕು. ಮದುವೆಯಾಗದ ಮಗಳು ಒಬ್ಬಳೇ ಊರಿನಲ್ಲಿ ಉಳಿಯುವ ಮಾತಿರಲಿಲ್ಲ. ಅಪ್ಪ ಇಲ್ಲಿದ್ದರೆ ನನಗೆ ಕೆಲಸ. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆ ಸಲ ನಮ್ಮ ಬೀದಿಯಲ್ಲಿ ನಲ್ಲಿಯದೇ ಮಾತು. ಮೂಲೆಯಲ್ಲಿದ್ದ ಒಂದೇ ನಲ್ಲಿ ಬೇಸಿಗೆಗೆ ಮೊದಲೇ ಬತ್ತತೊಡಗಿತ್ತು. ತುಂಗೆ ಪಕ್ಕದಲ್ಲೇ ಹರಿಯುತ್ತಿದ್ದರೂ ಹೆಂಗಸರು ಕೊಡಗಳನ್ನು ಸಾಲಿಟ್ಟು ಕಾಯಬೇಕಿತ್ತು. ಹೊಸ ಕೊಳವೆ ಹಾಕಿಸುತ್ತೇವೆಂದು ಇಬ್ಬರು ಅಭ್ಯರ್ಥಿಗಳ ಕಡೆಯವರೂ ಹೇಳಿಹೋಗಿದ್ದರು.

ಒಂದು ಶುಕ್ರವಾರ ಒಬ್ಬ ಅಭ್ಯರ್ಥಿಯ ಹೆಂಡತಿ ಓಟು ಕೇಳಲು ಬಂದರು. ಉಳಿದ ಮನೆಗಳವರು ಬರೀ ಕುಂಕುಮ ಕೊಟ್ಟು ಕಳಿಸಿದ್ದರಂತೆ. ಅಮ್ಮ ಮಣೆ ಹಾಕಿ ಕೂರಿಸಿ, ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬಿದಳು. ನಾನು ರೈಲಿಳಿದು ಬರುವಷ್ಟರಲ್ಲಿ ಮೇಷ್ಟ್ರ ಮನೆ ಆ ಕಡೆ ಸೇರಿತೆಂದು ಸುದ್ದಿ ಹಬ್ಬಿತ್ತು.

ಇನ್ನೊಬ್ಬ ಅಭ್ಯರ್ಥಿಯ ಪರ ಓಡಾಡುತ್ತಿದ್ದ ಎದುರುಮನೆಯ ಅಡಿಕೆ ವ್ಯಾಪಾರಿ ಬಂದು ಜಗಲಿಯಲ್ಲಿ ಕೂತರು.

"ಸರ್ಕಾರದ ಸಂಬಳ ತಗೊಳ್ಳೋರು ಪ್ರಚಾರಕ್ಕೆ ಇಳೀಬಾರ್ದು ಅಂತ ನಾನ್ ಹೇಳ್ಬೇಕಾ ಮೇಷ್ಟ್ರೇ? ಮೇಲಿನೋರಿಗೆ ಅರ್ಜಿ ಬರೀತೀವಿ ಅಂತ ನಮ್ಮ ಹುಡುಗ್ರು ಕೂತಿದಾರೆ."

ಅಪ್ಪ ಕನ್ನಡಕ ಒರೆಸುತ್ತಲೇ ಇದ್ದರು. ಅಮ್ಮ ಒಳಗಿನಿಂದ ಹೇಳಿದಳು: "ಮೊದಲ ಸಲ ಹೊಸಿಲು ತುಳಿದ ಮುತ್ತೈದೆ ಕಣ್ರೀ. ನಿಮ್ಮ ಕಡೆಯೋರನ್ನೂ ಕಳಿಸಿ, ತುಂಬ್ತೀನಿ."

"ನಮ್ಮೋರಿಗೆ ಹೆಂಡ್ತಿ ಎಲ್ಲಿದಾಳೆ ಮಾರಾಯ್ತಿ? ಇರೋದು ತಾಯಿ ಒಬ್ರೇ. ಗಂಡ ಹೋಗಿ ಯಾವ ಕಾಲ ಆಯ್ತೋ."

ಗಂಡನಿಲ್ಲದವರಿಗೆ ಮಡಿಲು ತುಂಬುವ ಪದ್ಧತಿ ನಮ್ಮಲ್ಲಿರಲಿಲ್ಲ. ಮರುದಿನ ರೈಲಿನಲ್ಲಿ ಪುಸ್ತಕ ತೆರೆದಿಟ್ಟುಕೊಂಡು, ಆ ಅರ್ಜಿಯ ಮೊದಲ ವಾಕ್ಯ ಹೇಗಿರಬಹುದೆಂದು ಯೋಚಿಸುತ್ತ ಹೋದೆ.

ಭಾನುವಾರ ಆ ತಾಯಿಯೇ ವ್ಯಾಪಾರಿಯೊಡನೆ ಬಂದರು. ತಲೆ ತುಂಬ ಸೆರಗು ಹೊದ್ದು ಹೊಸಿಲಿನಾಚೆಯೇ ನಿಂತರು. ಅಭ್ಯಾಸಬಲದಿಂದ ಕುಂಕುಮದ ತಟ್ಟೆ ಹಿಡಿದು ಬಂದ ಅಮ್ಮ ಅರ್ಧದಲ್ಲೇ ನಿಂತುಬಿಟ್ಟಳು. ಬಳಿಕ ತಟ್ಟೆಯನ್ನು ಗೂಡಿನಲ್ಲಿಟ್ಟು ಅದೇ ಮಣೆಯನ್ನು ತಂದು ಹಾಕಿದಳು. ಅವರು ಒಳಬಂದು ಕೂತರು.

"ಏನೂ ಬೇಡ ಕಣಮ್ಮ. ಕುಡಿಯೋಕೆ ನೀರು ಕೊಡು."

ಅಡುಗೆಮನೆಯಲ್ಲಿ ಚೊಂಬು ಹಂಡೆಯ ತಳ ಕೆರೆಯುವ ಸದ್ದು ಜಗಲಿಯವರೆಗೂ ಕೇಳಿಸಿತು. ಬಂದದ್ದು ಅರ್ಧ ಲೋಟ. ಅವರು ಅದನ್ನು ನಿಧಾನವಾಗಿ ಕುಡಿದು ವ್ಯಾಪಾರಿಯ ಕಡೆ ತಿರುಗಿದರು.

"ಅರ್ಜಿ ಬರೀತೀರಂತಲ್ಲ. ನಲ್ಲಿ ವಿಷ್ಯ ಬರೀರಿ."

ವ್ಯಾಪಾರಿ ಹೂಂ ಎಂದರು. ಆ ಹೂಂ ಅನ್ನು ಎಷ್ಟು ನಂಬಬಹುದೋ ನನಗೆ ತಿಳಿಯಲಿಲ್ಲ. ಚುನಾವಣೆಯಲ್ಲಿ ಆ ತಾಯಿಯ ಮಗ ಸೋತರು. ಅಲ್ಲಿಗೆ ನನ್ನ ಭಯ ಇನ್ನೂ ಹೆಚ್ಚಿತು. ಸೋತವರ ಸಿಟ್ಟಿಗೆ ಒಂದು ಮನೆ ಬೇಕಾಗುತ್ತದೆ.

ಅಪ್ಪನ ಮೇಲಿನ ಅರ್ಜಿ ಹೋಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ವರ್ಗಾವಣೆಯ ಕಾಲ ಮುಗಿಯುವವರೆಗೂ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಅಪ್ಪ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಡುತ್ತಿದ್ದರು. ಬೇಸಿಗೆ ರಜೆ ಕಳೆದು ಶಾಲೆ ತೆರೆದ ದಿನ ಅವರು ಕೊಡೆ ಹಿಡಿದು ಅದೇ ಶಾಲೆಗೆ ಹೊರಟರು. ನಾನು ಸ್ಟೇಷನ್ನಿಗೆ ಹೊರಟಾಗ, ಮೂಲೆಯ ಅದೇ ನಲ್ಲಿಯ ಮುಂದೆ ನಮ್ಮ ಕೊಡವೂ ಸಾಲಿನಲ್ಲಿತ್ತು.