ಸೈಕಲ್ ಚಕ್ರದೊಳಗಿನ ರೇಷ್ಮೆ

ಮಗ್ಗದ ಮುಂದೆ ಕೂತಾಗ ಅಪ್ಪನಿಗೆ ಎಷ್ಟು ತಾಳ್ಮೆ ಇರುತ್ತಿತ್ತೋ, ಸೈಕಲ್ಲಿನ ಮುಂದೆ ಕೂತಾಗ ಅಷ್ಟೇ ಹಟ ಇರುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ತುದಿಯಲ್ಲೇ ಪಂಚರ್ ಅಂಗಡಿ ಇದ್ದರೂ ಅವರು ತಮ್ಮ ಸೈಕಲ್ಲನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. "ಸಾವಿರಾರು ಎಳೆ ಸರಿ ಮಾಡೋನಿಗೆ ಒಂದು ಟ್ಯೂಬು ಹಾಕೋಕೆ ಬರಲ್ವಾ?" ಅನ್ನುವುದು ಅವರ ವಾದ. ಬರುತ್ತಿರಲಿಲ್ಲ. ಹಾಗೆಂದು ಅವರ ಮುಖದ ಮೇಲೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಎರಡು ವರ್ಷ ಮನೆಯಲ್ಲೇ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿಕೊಂಡು ಕೂತಿದ್ದೆ. ಅಂಥದ್ದರಲ್ಲಿ ದೇವನಹಳ್ಳಿಯ ಒಂದು ಶಾಲೆಯಿಂದ ಸಂದರ್ಶನಕ್ಕೆ ಕಾಗದ ಬಂತು. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿರಬೇಕು, ಇರುವುದು ಒಂದೇ ಕೆಲಸ. ಅದು ಕೈತಪ್ಪಿದರೆ ವರ್ಷ ತುಂಬುವುದರೊಳಗೆ ನನ್ನನ್ನು ಮದುವೆ ಮಾಡಿ ಇನ್ಯಾರದೋ ಮನೆಯ ಕಂಡಿಕೆ ಸುತ್ತೋಕೆ ಕಳಿಸುವುದು ಖಂಡಿತವಾಗಿತ್ತು. ದೊಡ್ಡಪ್ಪ ಆಗಲೇ ಗಂಡು ನೋಡಲು ಶುರು ಮಾಡಿದ್ದರು.

ಬಸ್ಸಿಗೆ ಹೋಗೋಣ ಅಂದೆ. "ಆ ಬಸ್ಸು ನಂಬಿದ್ರೆ ಮುಗೀತು. ನಾನೇ ಕರ್ಕೊಂಡ್ ಹೋಗ್ತೀನಿ. ಹೊಸ ಟೈರು, ಹೊಸ ಟ್ಯೂಬು ಹಾಕ್ಬಿಡ್ತೀನಿ, ಎರಡೂವರೆ ಗಂಟೆ ದಾರಿ" ಅಂದರು ಅಪ್ಪ. ಹಿಂದಿನ ದಿನ ಸಂಜೆ ಹಿಂದಿನ ಚಕ್ರ ಬಿಚ್ಚಿ ಹಜಾರದ ತುಂಬ ಹರಡಿಕೊಂಡು ಕೂತರು. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಿರಲಿ ಅಂತ ರಿಮ್ಮಿನ ಒಳಗೆ ಸುತ್ತಲೂ ಒಂದು ರಬ್ಬರ್ ಪಟ್ಟಿ ಇರುತ್ತದಲ್ಲ, ನಮ್ಮದು ಲಡ್ಡು ಹಿಡಿದು ತುಂಡುತುಂಡಾಗಿ ಕೈಗೆ ಬಂತು. ಅಂಗಡಿಯಲ್ಲಿ ಕೇಳಿದರೆ ನಾಳಿದ್ದು ಬರುತ್ತೆ ಅಂದರಂತೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, ಮಗ್ಗದಿಂದ ಆಗತಾನೇ ಇಳಿಸಿದ್ದ ಹೊಸ ರೇಷ್ಮೆಯಲ್ಲಿ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ರಿಮ್ಮಿಗೆ ಸುತ್ತಿ, ನೇಕಾರರು ಎಳೆಗೆ ಹಾಕುವ ಗಂಟು ಹಾಕಿದರು. "ಈ ಗಂಟು ಜನ್ಮದಲ್ಲಿ ಬಿಚ್ಚಲ್ಲ" ಅಂದರು. ಗಂಟೇನೋ ಬಿಚ್ಚಲಿಲ್ಲ.

ಬೆಳಿಗ್ಗೆ ಆರೂವರೆಗೆ ಹೊರಟೆವು. ನಾನು ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಸರ್ಟಿಫಿಕೇಟುಗಳ ಚೀಲ ತಬ್ಬಿಕೊಂಡು ಕ್ಯಾರಿಯರ್ ಮೇಲೆ ಒಂದು ಕಡೆಗೆ ಕಾಲು ಹಾಕಿ ಕೂತೆ. ಊರಾಚೆಯ ಕೆರೆ ಏರಿ ದಾಟಿದ್ದೇ ತಡ, ಹಿಂದಿನ ಚಕ್ರ ಉಸ್ ಅಂತು.

"ಜಾಲಿ ಮುಳ್ಳು" ಅಂದರು ಅಪ್ಪ, ಇಳಿಯುವ ಮೊದಲೇ. ಊಟದ ಎರಡು ಚಮಚ ತಂದಿದ್ದರು. ಅವುಗಳ ಹಿಡಿಯಿಂದ ಟೈರನ್ನು ಮೀಟಿ, ಟ್ಯೂಬು ಹೊರಗೆಳೆದು, ಗದ್ದೆ ಕಾಲುವೆಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿದರು. ಗುಳ್ಳೆ ಸಿಕ್ಕಿತು, ಮುಳ್ಳು ಸಿಗಲಿಲ್ಲ. ಟೈರಿನ ಒಳಗೆಲ್ಲ ಬೆರಳಾಡಿಸಿದ್ದೇ ಆಡಿಸಿದ್ದು. ಕೊನೆಗೆ "ಎಲ್ಲೋ ಬಿದ್ದೋಗಿರ್ಬೇಕು" ಅಂದು ಪ್ಯಾಚು ಅಂಟಿಸಿದರು. ಗಾಳಿ ಹೊಡೆಯಲು ಹೋದರೆ ಪಂಪಿನ ಚರ್ಮದ ವಾಷರ್ ಒಣಗಿ ಬರೀ ಕೊಸಕೊಸ ಅನ್ನುತ್ತಿತ್ತು. ಅಪ್ಪ ನನ್ನ ಕಡೆ ತಿರುಗಿ, "ಸ್ವಲ್ಪ ಬಗ್ಗು" ಅಂದರು. ಬಗ್ಗಿದೆ. ಬೆಳಿಗ್ಗೆ ಅಮ್ಮ ಕೂತು ಬಾಚಿದ್ದ ತಲೆಯಿಂದ ಎರಡು ಬೆರಳು ಎಣ್ಣೆ ಒರೆಸಿಕೊಂಡು ವಾಷರ್‌ಗೆ ಹಚ್ಚಿದರು. ಬೈತಲೆಯ ಮೇಲೆ ಕಾಲುವೆಯ ಕೆಸರು ಹತ್ತಿತು. ಅವರ ಮೇಲೆ ಎಲ್ಲಿಲ್ಲದ ಕೋಪ ಬಂದರೂ ಇನ್ನೂ ಹೊತ್ತಿದೆಯಲ್ಲ ಅಂತ ಚೀಲ ತಬ್ಬಿಕೊಂಡು ಮತ್ತೆ ಕ್ಯಾರಿಯರ್ ಹತ್ತಿದೆ.

ಎರಡು ಮೈಲಿ ಹೋಗುವುದರೊಳಗೆ ಮತ್ತೆ ಉಸ್. ಈ ಸಲ ಅಪ್ಪ ಪ್ಯಾಚಿನ ಮೇಲೆ ಅನುಮಾನಪಟ್ಟರು. ಪ್ಯಾಚು ಗಟ್ಟಿಯಾಗೇ ಇತ್ತು, ತೂತು ಬೇರೆಯದು. "ಹಂಗಾದ್ರೆ ಚಮಚ ಟ್ಯೂಬಿಗೆ ತಾಗಿದೆ" ಅಂದರು. ಚಮಚವನ್ನು ರಸ್ತೆ ಬದಿಯ ಕಲ್ಲಿಗೆ ಉಜ್ಜಿ ನುಣುಪು ಮಾಡಲು ಕೂತರು. ದೇವರೇ, ಗಂಟೆ ಎಂಟೂವರೆ, ಈ ಮನುಷ್ಯ ಚಮಚ ಉಜ್ಜುತ್ತಿದ್ದಾರೆ. ಅಷ್ಟರಲ್ಲಿ ನಾನು ಹತ್ತಬೇಕು ಅಂದಿದ್ದ ಅದೇ ಬಸ್ಸು ಅರ್ಧ ಖಾಲಿಯಾಗಿ ಬಂತು. ರಸ್ತೆಯ ನಡುವಿಗೇ ಹೋಗಿ ಕೈ ಅಡ್ಡ ಹಾಕಿದೆ. ಡ್ರೈವರ್ ನನ್ನನ್ನು ಬಳಸಿಕೊಂಡು, ನನ್ನ ಸೀರೆಗೆ ಧೂಳು ಹೊಡೆದು ಹೊರಟೇಹೋದ.

"ನೋಡಿದ್ಯಾ? ಅದಕ್ಕೇ ಅಂದಿದ್ದು, ಬಸ್ಸು ನಂಬಬಾರ್ದು ಅಂತ" ಅಂದರು ಅಪ್ಪ.

ಮೂರನೆಯ ಸಲ ಗಾಳಿ ಹೋದಾಗ ಒಂಬತ್ತೂ ಮುಕ್ಕಾಲು. ಎತ್ತಿನ ಗಾಡಿಯವನೊಬ್ಬ ನಿಂತು, "ಏನ್ ಯಜಮಾನ್ರೇ, ಟೈರು ಉಲ್ಟಾ ಹಾಕಿದೀರಾ?" ಅಂದ. ಅಪ್ಪ ಅದನ್ನೂ ನಂಬಿ ಟೈರನ್ನು ತಿರುಗಿಸಿ ಹಾಕಲು ಹೊರಟರು. ಸಾಕಾಗಿ ಟ್ಯೂಬನ್ನು ಅವರ ಕೈಯಿಂದ ಕಿತ್ತುಕೊಂಡೆ. ಮೂರು ತೂತೂ ಒಂದೇ ಮಗ್ಗುಲಲ್ಲಿದ್ದವು. ನೆಲದ ಕಡೆಯ ಮಗ್ಗುಲಲ್ಲಿ ಅಲ್ಲ, ರಿಮ್ಮಿನ ಕಡೆಯ ಮಗ್ಗುಲಲ್ಲಿ.

"ಅಪ್ಪಾ, ಮುಳ್ಳು ಹೊರಗಿಂದ ಬಂದಿಲ್ಲ. ಒಳಗಡೆಯಿಂದ ಚುಚ್ತಾ ಇದೆ."

"ಸುಮ್ನಿರಮ್ಮ, ನಿಂಗೇನ್ ಗೊತ್ತು."

ರಿಮ್ಮಿನೊಳಗೆ ಕೈ ಹಾಕಿದೆ. ಬೆರಳು ಕೊಯ್ದುಹೋಯಿತು. ನೇಕಾರರ ಗಂಟು ಇದ್ದ ಹಾಗೇ ಇತ್ತು. ಆದರೆ ರೇಷ್ಮೆ ಪಟ್ಟಿ ಪೂರ್ತಿ ಒಂದು ಪಕ್ಕಕ್ಕೆ ಜಾರಿ ಹಗ್ಗದ ಹಾಗೆ ಮುದುಡಿಕೊಂಡಿತ್ತು, ಕಡ್ಡಿಗಳ ತುದಿಗಳು ಬತ್ತಲೆಯಾಗಿ ಎದ್ದು ನಿಂತಿದ್ದವು. ಚಕ್ರ ಉರುಳಿದಷ್ಟೂ ಒಂದಾದ ಮೇಲೊಂದು ಟ್ಯೂಬಿಗೆ ಚುಚ್ಚುತ್ತಿದ್ದವು. ಅಪ್ಪ ಬಗ್ಗಿ ನೋಡಿದರು. ಅವರ ಹೆಗಲ ಮೇಲಿದ್ದ ಹಳೆಯ ಹತ್ತಿ ಟವಲ್ಲನ್ನು ನಾನೇ ಎಳೆದುಕೊಂಡು ಉದ್ದಕ್ಕೆ ಹರಿದೆ, ರಿಮ್ಮಿಗೆ ಎರಡು ಸುತ್ತು ಬಿಗಿದೆ, ಟ್ಯೂಬಿಗೆ ಪ್ಯಾಚು ಹಾಕಿ ಕೂರಿಸಿದೆ. ಅಪ್ಪ ಗಾಳಿ ಹೊಡೆದರು.

ಆಮೇಲೆ ಗಾಳಿ ಹೋಗಲೇ ಇಲ್ಲ. ದೇವನಹಳ್ಳಿ ಮುಟ್ಟಿದಾಗ ಹನ್ನೊಂದೂವರೆ. ಶಾಲೆಯ ಜವಾನ ನನ್ನ ಕಪ್ಪು ಕೈ ನೋಡಿ, ಬೈತಲೆಯ ಕೆಸರು ನೋಡಿ, "ಆಗೋಯ್ತಲ್ಲಮ್ಮ. ನಿಮ್ಮ ಹೆಸರು ಎರಡು ಸಲ ಕೂಗಿದ್ರು. ಬೇರೆಯವ್ರನ್ನ ತಗೊಂಡ್ರು" ಅಂದ. ಅಪ್ಪ ಒಳಗೆ ಹೋಗಿ ಯಾರಿಗೋ ಕೈ ಮುಗಿದು ಬಂದರು. ಏನೂ ಪ್ರಯೋಜನವಾಗಲಿಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈದೆ. ಹೆತ್ತ ಅಪ್ಪನನ್ನು ಹಾಗೆಲ್ಲ ಬೈಯಬಾರದು, ಆದರೂ ಬೈದೆ. ರೇಷ್ಮೆ ಜಾರುತ್ತೆ ಅಂತ ನೇಯೋರ ಮನೆ ಮಗುವಿಗೂ ಗೊತ್ತು, ನಲವತ್ತು ವರ್ಷ ನೇಯ್ದು ನಿನಗೆ ಗೊತ್ತಾಗಲಿಲ್ವಾ ಅಂದೆ. ಮನೆ ತುಂಬ ಹತ್ತಿ ಚಿಂದಿ ಬಿದ್ದಿತ್ತು, ಒಂದು ತುಂಡು ಸುತ್ತಿದ್ದರೆ ಸಾಕಿತ್ತು ಅಂದೆ. ನೀನು ಬೇಕೂಂತ್ಲೇ ಮಾಡಿದೀಯ, ನಾನು ಮನೆ ಬಿಟ್ಟು ಹೋಗೋದು ನಿನಗೆ ಬೇಕಿರಲಿಲ್ಲ ಅಂತಲೂ ಅಂದೆ. ಅಪ್ಪ ಪೆಡಲ್ ತುಳಿಯುತ್ತಲೇ ಇದ್ದರು. ಬೆನ್ನಿನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಏರಿನಲ್ಲಿ ಇಳಿಯಲೂ ಹೇಳಲಿಲ್ಲ.

ಮನೆಗೆ ಬಂದು ನಾನು ಬಚ್ಚಲಿನಲ್ಲಿ ಸೋಪು ಹಾಕಿ ಕೈ ಉಜ್ಜುತ್ತಿದ್ದೆ. ಗೋಡೆಯಾಚೆ ಅಡುಗೆಮನೆಯಲ್ಲಿ ಅಮ್ಮ ಕೇಳುತ್ತಿದ್ದುದು ಕೇಳಿಸಿತು. "ಅಲ್ಲಾ, ಅಷ್ಟು ಚಿಂದಿ ಇಟ್ಕೊಂಡು ರೇಷ್ಮೆ ಯಾಕ್ರೀ ಹಾಕಿದ್ರಿ? ಜಾರುತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣೇ" ಅಂದರು ಅಪ್ಪ. "ಬಿಗಿಯಾಗಿ ಕಟ್ಟಿದ್ರೆ ನಿಲ್ಲುತ್ತೆ ಅನ್ಕೊಂಡೆ. ಮಗು ಮೊದಲ್ನೇ ಸಲ ಕೆಲ್ಸಕ್ಕೆ ಅಂತ ಹೊರಟಿದೆ. ಅದು ಕೂತು ಹೋಗೋ ಚಕ್ರಕ್ಕೆ ಹರಕು ಚಿಂದಿ ಸುತ್ತೋಕೆ ಮನಸ್ಸು ಬರ್ಲಿಲ್ಲ."

ದಾರಿಯಲ್ಲಿ ಅಷ್ಟು ಬೈಯುತ್ತಿದ್ದಾಗ ಈ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಅಂತ ಅಪ್ಪನ ಮೇಲೆ ಮತ್ತೆ ಸಿಟ್ಟು ಬಂತು. ಸೋಪು ಹಚ್ಚಿದ ಕೈಯನ್ನು ಹಾಗೇ ಹಿಡಿದುಕೊಂಡು, ಅವರಿಗೆ ಕೇಳಿಸದ ಹಾಗೆ, ಅಲ್ಲೇ ನಿಂತು ಅತ್ತೆ.