ಹಂಚಿನಾಳ ಮಾಸ್ತರರ ಲಾರ್ಚ್ ಮರ

ಲಂಡನ್ನಿನ ಚಳಿಗೆ ಹಂಚಿನಾಳ ಮಾಸ್ತರರಷ್ಟು ಹೇಸಿದವರನ್ನು ನಾನು ಕಂಡಿಲ್ಲ. ಚಳಿ ಹೆಚ್ಚಾಯಿತೆಂದಲ್ಲ, ಸಾಲದೆಂದು. ಲಂಡನ್ನಿನ ಅಂಚಿನ ಪಿನ್ನರಿನಲ್ಲಿ ಅವರ ಮಗಳ ಮನೆ ನಮ್ಮ ಪಕ್ಕದ್ದು. ಜನವರಿಯ ಜಿಟಿಜಿಟಿ ಮಳೆಯಲ್ಲಿ ಬಾಗಿಲಿಗೆ ಬಂದು ಮೂಗು ಮುರಿಯುತ್ತಿದ್ದರು: "ಇದಕ್ಕ ಥಂಡಿ ಅಂತಾರೇನ್ರಿ ಅಕ್ಕಾರ? ಹಸಿ ಅರಿವಿ ಉಟ್ಟಂಗ ಆಗೇದ. ಥಂಡಿ ಅಂದ್ರ ಸೈಬೀರಿಯಾದ್ದು. ಉಗುಳಿದ್ರ ನೆಲಕ್ಕ ಬೀಳೂದ್ರಾಗ ಬರ್ಫ ಆಗಬೇಕು."

ಸೈಬೀರಿಯಾ ಅವರು ಕಂಡದ್ದೇನಲ್ಲ. ಬಿಜಾಪುರದ ಉರಿಬಿಸಿಲಲ್ಲಿ ಸರ್ವಿಸು ಪೂರ್ತಿ ಭೂಗೋಳ ಕಲಿಸಿದವರು. ಬೆವರು ಒರೆಸಿಕೊಳ್ಳುತ್ತ ಅಲ್ಲಿನ ಟೈಗಾ ಕಾಡಿನ ಸ್ಪ್ರೂಸ್, ಪೈನ್ ಮರಗಳನ್ನು ಹಲಗೆಯ ಮೇಲೆ ಬರೆದವರು. ಕ್ರಿಸ್‌ಮಸ್ ಮುಗಿದ ಮೇಲೆ ನಮ್ಮ ಬೀದಿಯವರು ಮನೆಯೊಳಗೆ ಸಿಂಗರಿಸಿದ್ದ ಸ್ಪ್ರೂಸ್ ಮರಗಳನ್ನು ಫುಟ್‌ಪಾತಿಗೆ ಒಗೆದಾಗ ಅವರಿಗೆ ಊಟ ಸೇರುತ್ತಿರಲಿಲ್ಲ. "ಹೆಣಾ ಹಾದಿಗೆ ಒಗದಂಗ," ಅನ್ನುತ್ತಿದ್ದರು.

ಅವರ ಜೀವವೆಲ್ಲ ಹಿತ್ತಲಲ್ಲಿ ತಾವೇ ನೆಟ್ಟ ಲಾರ್ಚ್ ಮರದಲ್ಲಿತ್ತು. ಟೈಗಾದ ಸೂಜಿ ಎಲೆಯ ಮರಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗುವುದು ಅದೊಂದೇ. "ಶ್ಯಾಣ್ಯಾ ಗಿಡರೀ. ಕಡು ಥಂಡ್ಯಾಗ ಎಲಿ ಹಿಡಕೊಂಡು ಕುಂತ್ರ ಜೀವಕ್ಕ ಕುತ್ತು ಅಂತ ಅದಕ್ಕ ಗೊತ್ತದ." ನಾಲ್ಕಾರು ವರ್ಷ ಅದು ಬೋಳಾಗಿ, ಮತ್ತೆ ಚಿಗುರಿ, ಆಳೆತ್ತರ ದಾಟಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಮಾಸ್ತರರು ಚಳಿಗಾಲಕ್ಕೆ ಊರಿಗೆ ಹೋದರು. ಅವರ ಅಳಿಯ ಬೆಂಗಳೂರಿನ ಐಟಿಯವನು. ಅಷ್ಟು ವರ್ಷ ಹಿತ್ತಲ ಕಡೆ ತಿರುಗಿಯೂ ನೋಡದ ಆ ಮಹಾಶಯನಿಗೆ ಬಾರ್ಬೆಕ್ಯೂಗೆ ಜಾಗ ಬೇಕಾದಾಗ ಕಣ್ಣು ಬಂತು. ಮಾವನನ್ನು ಒಂದು ಮಾತು ಕೇಳದೆ ಮರ ಕಡಿಸಿದ. ಯಾಕಪ್ಪಾ ಅಂದರೆ, "ಡೆಡ್ ಆಗಿತ್ತು ಆಂಟಿ. ಕ್ರಿಸ್‌ಮಸ್ ಟ್ರೀ ಜಾತಿ, ಚಳೀಲೂ ಹಸಿರಾಗಿರಬೇಕು ತಾನೆ?" ಎಂದ. ಆ ಮುಖ ನೆನೆದರೆ ಈಗಲೂ ನನಗೆ ವಾಕರಿಕೆ ಬರುತ್ತದೆ.

ಮಾರ್ಚ್ ಕೊನೆಗೆ ಮಾಸ್ತರರು ಬಂದಿಳಿದರು. ಮಗಳು ಫೋನಿನಲ್ಲಿ ಹೇಳುವ ಧೈರ್ಯ ಮಾಡಿರಲಿಲ್ಲ. ಜೊತೆಗಿರಲೆಂದು ನನ್ನನ್ನು ಕರೆದಿದ್ದಳು. ಕೋಟು ಕೂಡ ಬಿಚ್ಚದೆ ಹಿತ್ತಲಿಗೆ ಹೋದರು. ಮರವಿದ್ದಲ್ಲಿ ಮೋಟು ಬುಡವಿತ್ತು. "ಸತ್ತದಂತ ಕಡಿಸಿದ್ರು ಅಪ್ಪಾ," ಎಂದಳು ಹಿಂದೆಯೇ ಬಂದ ಮಗಳು. ಬೇಲಿಯ ಬದಿಗೆ ಒಟ್ಟಿದ್ದ ಕೊಂಬೆಗಳ ಮೇಲೆಲ್ಲ ಎಳೆಹಸಿರು ಸೂಜಿಗಳು ಒಡೆದಿದ್ದವು. ಬೇರು ಹೋದದ್ದು ಆ ರಾಶಿಗೆ ಗೊತ್ತೇ ಆಗಿರಲಿಲ್ಲ.

ಮಾಸ್ತರರು ಅದರಲ್ಲೊಂದು ಕೊಂಬೆ ಒಳಗೆ ತಂದು ಅಳಿಯನ ಚಹಾದ ಕಪ್ಪಿನ ಪಕ್ಕ ಇಟ್ಟರು. "ಇದು ಸತ್ತದ್ದೇನ್ರಿ?" ಎಂದರು, ಮೆಲ್ಲಗೆ.

"ಸಾರಿ ಮಾವ. ಗಾರ್ಡನ್ ಸೆಂಟರಿಂದ ಇನ್ನೊಂದು ತಂದ್ರಾಯ್ತು ಬಿಡಿ." ಟೇಬಲ್ ಕೊಳೆಯಾದೀತೆಂದು ಅವನು ಕೊಂಬೆಯನ್ನು ಎರಡು ಬೆರಳಲ್ಲಿ ಎತ್ತಿ ಹಳೇ ಪೇಪರಿನ ಮೇಲಿಟ್ಟ.

ಮಾಸ್ತರರು ನನ್ನತ್ತ ತಿರುಗಿದರು. "ಅಕ್ಕಾರ, ನಿಮ್ಮ ಕಾರ ತಗೀರಿ. ಏರ್‌ಪೋರ್ಟಿಗೆ ಬಿಟ್ಟ ಬರ್ರಿ."

ಸೂಟ್‌ಕೇಸು ಇನ್ನೂ ಬಾಗಿಲಲ್ಲೇ ಇತ್ತು. ಮಗಳು ಬೀದಿಯ ತಿರುವಿನವರೆಗೂ ಕಾರಿನ ಹಿಂದೆ ಓಡಿ ಬಂದಳು. "ನಿಲ್ಲಸಬ್ಯಾಡ್ರಿ," ಎಂದರು ಮಾಸ್ತರರು. ನಾನು ನಿಲ್ಲಿಸಲಿಲ್ಲ.